ಸಾಲಿನ ಕೊನೆಯ ಬುಟ್ಟಿ

ದೇಯಿ ತನ್ನ ಗಂಡನ ಅಕ್ಕ ಹೇಮಾಕ್ಷಿಯ ಮನೆಯಲ್ಲಿ ಹದಿನಾಲ್ಕು ವರ್ಷಗಳಿಂದ ಒಂದು ಲೋಟ ನೀರು ಕುಡಿದಿರಲಿಲ್ಲ. ಮನೆಯೇನೂ ದೂರವಲ್ಲ. ಬೋಳಾರದ ಒಂದೇ ಓಣಿಯಲ್ಲಿ ಪಕ್ಕಪಕ್ಕ, ನಡುವೆ ಎದೆಯೆತ್ತರದ ಒಂದು ಮಣ್ಣಿನ ಗೋಡೆ. ಮದುವೆಯಾಗಿ ಬಂದ ಎರಡನೆಯ ದಿನ ಹೇಮಾಕ್ಷಿ ನೆಂಟರೆದುರಿಗೆ ಇವಳ ಅಂಗೈಯನ್ನು ತಿರುಗಿಸಿ ನೋಡಿ, "ಬಂದರಿನಲ್ಲಿ ಮೂಟೆ ಹೊರುವವನ ಮಗಳಲ್ವಾ, ಕೈ ನೋಡಿದ್ರೆ ಸಾಕು, ಜಾತಕ ಬೇಡ" ಎಂದಿದ್ದಳು. ನೆಂಟರು ನಕ್ಕರು. ಗಂಡ ಲೋಕಯ್ಯನೂ ಸ್ವಲ್ಪ ನಕ್ಕ. ಹದಿನಾಲ್ಕು ವರ್ಷದ ಹಗೆಗೆ ಇಷ್ಟು ಸಾಕೇ ಎಂದು ಕೇಳುವವರು ಕೇಳಲಿ. ದೇಯಿಗೆ ಸಾಕಾಗಿತ್ತು. ಸಾಲದೆ ಹೋದಾಗಲೆಲ್ಲ ಹೇಮಾಕ್ಷಿಯೇ ಹೊಸದೊಂದನ್ನು ಒದಗಿಸುತ್ತಿದ್ದಳು.

ಈ ವರ್ಷ ಒದಗಿಸಿದ್ದು ಮಾತ್ರ ಅಂತಿಂಥದ್ದಲ್ಲ. ದೇಯಿಯ ತೋಟದ ನೆಲವೇ ತನ್ನದು ಎಂದು ಹೇಮಾಕ್ಷಿ ಹೊರಟಿದ್ದಳು.

ತೋಟವೆಂದರೆ ದೇಯಿಯ ಮನೆಯ ಹಿಂದಿನ ಹತ್ತು ಸೆಂಟ್ಸ್ ಜಾಗ. ಹಿಂದೆ ಅದು ಮುರಕಲ್ಲು ಕಡಿದು ಬಿಟ್ಟ ಹೊಂಡ. ಹೇಮಾಕ್ಷಿಯ ಮಾಳಿಗೆ ಮನೆಯ ಗೋಡೆಗಳೆಲ್ಲ ಅದರೊಳಗಿಂದ ಎದ್ದು ಬಂದವು. ಮಳೆಗಾಲದಲ್ಲಿ ಕಪ್ಪೆ, ಬೇಸಿಗೆಯಲ್ಲಿ ಹಾವು, ವರ್ಷವಿಡೀ ಓಣಿಯವರ ಕಸ. ಲೋಕಯ್ಯ ಮತ್ತು ಹೇಮಾಕ್ಷಿಯರ ಸೋದರಮಾವ ನೋಣಯ್ಯ ಸಾಯುವ ಮೊದಲು ಎರಡು ವರ್ಷ ದೇಯಿಯ ಕೈಯ ಗಂಜಿ ಉಂಡವನು. ಹಲ್ಲಿಲ್ಲದ ಮುದುಕನಿಗೆ ಗಂಜಿಯನ್ನು ಕಿವುಚಿ ಕೊಡಬೇಕಾಗಿತ್ತು. ಅಷ್ಟು ತಾಳ್ಮೆ ಹೇಮಾಕ್ಷಿಗೆ ಇರಲಿಲ್ಲ. ಒಂದು ದಿನ ಜಗಲಿಯಲ್ಲಿ ಕುಳಿತು ಅವನು, "ಆ ಹೊಂಡ ನಿನಗೆ ಮಗಾ, ತುಂಬಿಸ್ಲಿಕ್ಕೆ ಆದ್ರೆ ತುಂಬಿಸಿಕೋ" ಎಂದು ದೇಯಿಯ ಕೈಗೆ ವೀಳ್ಯ ಕೊಟ್ಟ. ತಮಾಷೆಗೆ ಹೇಳಿದನೋ ಮನಸಾರೆ ಹೇಳಿದನೋ ಅವನಿಗೇ ಗೊತ್ತು. ದೇಯಿ ತಮಾಷೆಯೆಂದು ತಿಳಿಯಲಿಲ್ಲ. ಎರಡು ಬೇಸಿಗೆ ನೇತ್ರಾವತಿಯ ದಂಡೆಯಿಂದ ಮೆಕ್ಕಲು ಮಣ್ಣನ್ನು ತಲೆಯ ಮೇಲೆ ಹೊತ್ತು ತಂದು ಸುರಿದಳು. ಮಣ್ಣಿನ ಉಪ್ಪು ತೊಳೆದು ಹೋಗಲೆಂದು ಒಂದು ಮಳೆಗಾಲ ಸುಮ್ಮನೆ ಬಿಟ್ಟಳು. ಆಮೇಲೆ ಸೆಗಣಿ, ಬೂದಿ, ತರಗೆಲೆ. ನಾಲ್ಕನೆಯ ವರ್ಷಕ್ಕೆ ಅಲ್ಲಿ ಮೊದಲ ಹರಿವೆ ಕೆಂಪಗೆ ಎದ್ದಿತು. ಆ ಹರಿವೆಯನ್ನು ಕಿತ್ತು ಸಾರು ಮಾಡಲು ದೇಯಿಗೆ ಎರಡು ದಿನ ಮನಸ್ಸೇ ಬಂದಿರಲಿಲ್ಲ.

ಈಗ ಅಲ್ಲಿ ಏನುಂಟು ಏನಿಲ್ಲ! ಬೇಸಿಗೆ ಕಾಲಿಡುವ ಹೊತ್ತಿಗೆ ಸೌತೆಬಳ್ಳಿ ನೆಲ ಕಾಣದಷ್ಟು ಹಬ್ಬುತ್ತಿತ್ತು. ಚಪ್ಪರದಲ್ಲಿ ತೊಂಡೆ, ಕೋಲಿಗೆ ಹತ್ತಿದ ಅಲಸಂಡೆ, ಬೆಂಡೆ, ಬದನೆ. ಗೋಡೆಯ ಉದ್ದಕ್ಕೆ ಮಲ್ಲಿಗೆ, ಅದರ ಬುಡದಲ್ಲಿ ಅಬ್ಬಲಿಗೆ. ಮಂಗಳಾದೇವಿ ಗುಡಿಗೆ ಹೋಗುವ ಹೆಂಗಸರು ಓಣಿಯಲ್ಲಿ ನಿಂತು ಮೂಗು ಎತ್ತಿ ಉಸಿರು ಎಳೆದುಕೊಂಡು ಹೋಗುತ್ತಿದ್ದರು. ಮಕ್ಕಳಿಲ್ಲದ ದೇಯಿಗೆ ಆ ಹತ್ತು ಸೆಂಟ್ಸ್ ಬಿಟ್ಟರೆ ನನ್ನದು ಎನ್ನಲು ಬೇರೆ ಏನೂ ಇರಲಿಲ್ಲ. ಇದ್ದ ಮನೆ ಗಂಡನ ಕುಟುಂಬದ್ದು. ಇವರಲ್ಲಿ ಆಸ್ತಿ ಇಳಿಯುವುದು ಹೆಣ್ಣಿನ ಕಡೆಯಿಂದ. ಮಾವನದು ಅಕ್ಕತಂಗಿಯರ ಹೆಣ್ಣುಮಕ್ಕಳಿಗೆ ಹೋಗುತ್ತದೆ. ಸೋದರಳಿಯನ ಹೆಂಡತಿ ಎಲ್ಲಿಂದಲೋ ಬಂದವಳು, ಗಂಡ ಕಣ್ಣು ಮುಚ್ಚಿದರೆ ಬಂದ ದಾರಿ ಹಿಡಿಯಬೇಕಾದವಳು. ನೋಣಯ್ಯ ಬಾಯಿಮಾತಿನಲ್ಲಿ ಕೊಟ್ಟ ಹೊಂಡ ಒಂದೇ ಆ ಲೆಕ್ಕದಿಂದ ಹೊರಗೆ ಉಳಿದಿತ್ತು.

ಹೊಂಡವಾಗಿದ್ದಾಗ ಅದು ಯಾರಿಗೂ ಬೇಡವಾಗಿತ್ತು. ತೋಟವಾದ ಮೇಲೆ ಹೇಮಾಕ್ಷಿಗೆ ಮಾವನ ನೆನಪು ಉಕ್ಕಿ ಬಂತು. "ಅದು ನಮ್ಮ ಕುಟುಂಬದ ನೆಲ. ದೇಯಿ ಅಲ್ಲಿ ನಮ್ಮ ಒಕ್ಕಲು. ಒಕ್ಕಲು ಅಂತ ಒಪ್ಪಿಕೊಂಡು ಇರ್ಲಿ, ಇಲ್ಲದಿದ್ರೆ ಬಿಟ್ಟು ಹೋಗ್ಲಿ" ಎಂದು ಜಾತಿಯ ಮುಖ್ಯಸ್ಥ ಬೂಬ ಗುರಿಕಾರನಿಗೆ ದೂರು ಕೊಟ್ಟಳು. ಕೋರ್ಟಿಗೆ ಹೋಗುವ ಪದ್ಧತಿ ಇವರಲ್ಲಿ ಆಗ ಇನ್ನೂ ಅಷ್ಟಾಗಿ ಇರಲಿಲ್ಲ. ಗುರಿಕಾರ ಹೇಳಿದ ಮೇಲೆ ಮುಗಿಯಿತು. ಬಿಸು ಹಬ್ಬದ ಮರುದಿನ ಕೂರುವುದೆಂದು ಅವನು ದಿನ ಇಟ್ಟ.

ಗುರಿಕಾರ ನ್ಯಾಯಸ್ಥ. ಒಮ್ಮೆ ತಾನೇ ಬಂದು ತೋಟ ನೋಡಿದ. ಬಳ್ಳಿಯಿಂದ ಒಂದು ಎಳೆ ಸೌತೆ ಕಿತ್ತು, ಪಂಚೆಗೆ ಒರೆಸಿ, ಕಚ್ಚಿ ತಿಂದ.

"ಹೆದರ್ಬೇಡ ಮಗಾ" ಎಂದ. "ಮಾವ ಏನೋ ಹೇಳಿದ್ದು ನನಗೂ ಅರೆಬರೆ ನೆನಪುಂಟು. ನೀನು ಒಕ್ಕಲು ಅಂತ ಹೇಳ್ಲಿಕ್ಕೆ ಅವಳ ಹತ್ರ ಎಂತ ಉಂಟು? ಒಂದು ಕಾಗದ ಇಲ್ಲ, ಒಂದು ಗುರುತು ಇಲ್ಲ."

ಗುರುತು ಎಂದರೆ ಎಂಥದ್ದು ಎಂದು ದೇಯಿ ಕೇಳಬೇಕಾಗಿತ್ತು. ಕೇಳಲಿಲ್ಲ. ಹೇಮಾಕ್ಷಿಯ ಕೈ ಖಾಲಿ ಎಂಬುದಷ್ಟೇ ಅವಳ ಕಿವಿಗೆ ಹೋಯಿತು, ಅದು ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಬಿಸುವಿಗೆ ಇನ್ನೂ ಒಂದು ತಿಂಗಳು ಇತ್ತು. ಆ ತಿಂಗಳಿಡೀ ಎರಡು ಮನೆಗಳ ನಡುವೆ ನಡೆದದ್ದನ್ನು ನೋಡಿ ಓಣಿಯವರಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಹೇಮಾಕ್ಷಿಯ ಮಾಳಿಗೆಯ ಹಿಂದಿನ ಕಿಟಕಿ ಸರಿಯಾಗಿ ತೋಟದ ಮೇಲೆ ತೆರೆಯುತ್ತಿತ್ತು. ಅವಳು ಬೆಳಿಗ್ಗೆ ಎದ್ದು ಅಲ್ಲಿ ಬಂದು ನಿಂತು ಎಲೆಯಡಿಕೆ ಅಗಿದು, ಕೆಳಗಿನ ಹರಿವೆಯ ಪಾತಿಗೆ ಉಗುಳುತ್ತಿದ್ದಳು.

"ಉಗುಳು ಉಗುಳು" ಎಂದು ದೇಯಿ ಕೆಳಗಿನಿಂದ ಕೂಗಿದಳು. "ನಿನ್ನ ಬಾಯಿಯಿಂದ ಬರುವುದರಲ್ಲಿ ಅದೊಂದೇ ಕೆಂಪು, ಉಳಿದದ್ದೆಲ್ಲ ಕಪ್ಪು!"

"ನನ್ನ ನೆಲಕ್ಕೆ ನಾನು ಉಗುಳ್ತೇನೆ" ಎಂದು ಮೇಲಿನಿಂದ ಉತ್ತರ ಬಂತು.

ಮರುದಿನ ಹೇಮಾಕ್ಷಿಯ ಕರು ಹಗ್ಗ ಬಿಚ್ಚಿಕೊಂಡು ಬಂದು ಅಲಸಂಡೆಯ ಅರ್ಧ ಸಾಲು ಮೇಯಿತು. ಹಗ್ಗ ತಾನಾಗಿ ಬಿಚ್ಚಿತು ಎಂದು ಹೇಮಾಕ್ಷಿಯ ಆಳು ತುಕ್ರ ಆಣೆ ಹಾಕಿದ, ಹಾಕುವಾಗ ದೇಯಿಯ ಮುಖ ನೋಡಲಿಲ್ಲ. ದೇಯಿ ಬಂದರಿನಿಂದ ಒಂದು ಬುಟ್ಟಿ ಕೊಳೆತ ಬೂತಾಯಿ ಮೀನು ತರಿಸಿದಳು. ಬದನೆಗೆ ಗೊಬ್ಬರ ಬೇಕಲ್ಲ. ಬದನೆ ಇದ್ದದ್ದು ತೋಟದ ಆ ಕೊನೆಯಲ್ಲಿ. ಬುಟ್ಟಿಯನ್ನು ತೆರೆದು ಇಟ್ಟದ್ದು ಈ ಕೊನೆಯಲ್ಲಿ, ಕಿಟಕಿಯ ನೇರ ಕೆಳಗೆ, ಗಾಳಿ ಹೊಳೆಯಿಂದ ಮೇಲಕ್ಕೆ ಬೀಸುವ ಜಾಗದಲ್ಲಿ. ಮೂರು ದಿನ ಹೇಮಾಕ್ಷಿಯ ಕಿಟಕಿ ತೆರೆಯಲಿಲ್ಲ. ಆ ಮೂರು ದಿನ ದೇಯಿ ಮೂಗಿಗೆ ಸೆರಗು ಕಟ್ಟಿಕೊಂಡು, ಗಿಡಗಳ ನಡುವೆ ಹಾಡು ಗುನುಗಿಕೊಂಡು ಓಡಾಡಿದಳು.

ಆಚೆ ಬದಿಯ ಬೇಲಿಯ ಹಿಂದೆ ರುಖಿಯಾಳ ಮನೆ. ಗಂಡ ಹಳೇ ಬಂದರಿನಲ್ಲಿ ಒಣಮೀನಿನ ವ್ಯಾಪಾರಿ. ಇವಳಿಗೆ ದಿನಾ ಸಂಜೆ ಒಂದು ಮೊಳ ಮಲ್ಲಿಗೆ ದೇಯಿಯ ಕಡೆಯಿಂದ ಹೋಗುತ್ತಿತ್ತು, ಅಲ್ಲಿಂದ ಸುದ್ದಿ ಬರುತ್ತಿತ್ತು. ಬಿಸುವಿಗೆ ಎರಡು ದಿನ ಇರುವಾಗ ರುಖಿಯಾ ಹೂವು ತೆಗೆದುಕೊಳ್ಳುತ್ತಾ ಹೇಳಿದಳು:

"ಹೇಮಾಕ್ಷಕ್ಕನ ಹಿತ್ತಲು ನೋಡಿದ್ಯಾ? ಎಲ್ಲ ಒಣಗಿ ಹೋಗಿ ಉಂಟು. ತುಕ್ರ ಎರಡು ದಿನಕ್ಕೊಮ್ಮೆ ನೀರು ಹಾಕಿದ್ರೆ ಎಂತ ಆಗ್ತದೆ? ನಿಮ್ಮ ಹಬ್ಬಕ್ಕೆ ದೇವರ ಮುಂದೆ ಇಡ್ಲಿಕ್ಕೆ ಒಂದು ಸೌತೆ ಸಹ ಇಲ್ಲವಂತೆ. ಕಾವೂರಿನ ಒಕ್ಕಲುಗಳು ತಂದ್ರೆ ಉಂಟು, ಇಲ್ಲದಿದ್ರೆ ಇಲ್ಲ."

ದೇಯಿಯ ಕೈಯಲ್ಲಿ ಹೂವು ಕಟ್ಟುವ ಬಾಳೆನಾರು ಹಾಗೆಯೇ ನಿಂತಿತು. ಬಿಸುವಿನ ಬೆಳಿಗ್ಗೆ ಮನೆಯಲ್ಲಿ ಬೆಳೆದ ಹಣ್ಣು, ತರಕಾರಿ, ಹೂವನ್ನು ದೇವರ ಮುಂದೆ ಇಟ್ಟು ಅದನ್ನೇ ಮೊದಲು ನೋಡಬೇಕು. ಅಂಥ ದಿನ ಹೇಮಾಕ್ಷಿ ಒಕ್ಕಲುಗಳು ತಂದ ಸುಕ್ಕು ಸೌತೆ ನೋಡಬೇಕು! ಅವಳ ಜಗಲಿಯಲ್ಲಿ ಆ ಬೆಳಿಗ್ಗೆ ಜನವೂ ಇರುತ್ತಾರೆ.

"ನಾನು ಕೊಡ್ತೇನೆ" ಎಂದಳು ದೇಯಿ. "ಎಲ್ಲರೆದುರಿಗೆ ಒಂದು ಬುಟ್ಟಿ ತೆಗೊಂಡು ಹೋಗಿ ಇಡ್ತೇನೆ."

"ಅಲ್ಲಾ! ಅಷ್ಟು ಒಳ್ಳೆ ಮನಸ್ಸು ಯಾವಾಗ ಬಂತು ನಿನಗೆ?"

"ಮನಸ್ಸೂ ಇಲ್ಲ ಮಣ್ಣೂ ಇಲ್ಲ. ಹೊಟ್ಟೆ ಉರಿಸ್ಲಿಕ್ಕೆ."

ರುಖಿಯಾಳಿಗೆ ಇವರ ಹಬ್ಬದ ಒಳಹೊರಗು ಗೊತ್ತಿರಲಿಲ್ಲ. ಗೊತ್ತಿದ್ದರೆ ಅಲ್ಲಿಯೇ ಅವಳ ಬಾಯಿ ಮುಚ್ಚಿಸುತ್ತಿದ್ದಳು. ಲೋಕಯ್ಯನಿಗೆ ಎಲ್ಲ ಗೊತ್ತಿತ್ತು, ಆದರೆ ದೇಯಿ ಅವನಿಗೆ ಹೇಳಲಿಲ್ಲ. ಹೇಳಿದರೆ ಅವನು ಬೇಡವೆನ್ನುವವನೇ. ಅವನು ಹೆಂಚಿನ ಕಾರ್ಖಾನೆಯಲ್ಲಿ ದುಡಿದು ಬಂದು ಉಂಡು ಮಲಗುವ ಮನುಷ್ಯ, ಅಕ್ಕನಿಗೂ ಹೆಂಡತಿಗೂ ಒಂದೇ ರೀತಿ ಹೆದರುತ್ತಿದ್ದ.

ಬಿಸುವಿನ ದಿನ ಲೋಕಯ್ಯ ಹೊಳೆಗೆ ಮೀಯಲು ಹೋದದ್ದೇ ತಡ, ದೇಯಿ ಬುಟ್ಟಿ ತುಂಬಿಸಲು ಕುಳಿತಳು. ಅಡಿಯಲ್ಲಿ ಬಾಳೆಎಲೆ, ಅದರ ಮೇಲೆ ಮೂರು ಸೌತೆ. ಒಂದೊಂದೂ ಹೊಸ ಮಗುವಿನಷ್ಟು ತೂಕ, ಹಳದಿ ಗೀರು ಎಳೆದು ಹೊಳೆಯುತ್ತಿದ್ದವು. ಪಕ್ಕದಲ್ಲಿ ಬದನೆ, ಬೆಂಡೆ, ತೊಂಡೆ, ಒಂದು ಕಟ್ಟು ಕೆಂಪು ಹರಿವೆ. ಎಲ್ಲದರ ಮೇಲೆ ಎರಡು ಚೆಂಡು ಮಲ್ಲಿಗೆ. ತನ್ನ ಮನೆಯ ದೇವರ ಮುಂದೆ ಇಟ್ಟದ್ದಕ್ಕಿಂತ ಇದೇ ಚೆನ್ನಾಗಿತ್ತು. ದೇಯಿಗೆ ಅದು ಗೊತ್ತಿತ್ತು, ನಾಚಿಕೆಯಾಗಲಿಲ್ಲ.

ಹೇಮಾಕ್ಷಿಯ ಜಗಲಿಯಲ್ಲಿ ಏಳೆಂಟು ಮಂದಿ ಇದ್ದರು. ಮೇಲೆ ಬೆಂಚಿನಲ್ಲಿ ನೆಂಟರು, ಕೆಳಗೆ ಅಂಗಳದಲ್ಲಿ ಕಾವೂರಿನಿಂದ ನಡೆದು ಬಂದ ಒಕ್ಕಲುಗಳು. ಅವರು ತಂದ ಬುಟ್ಟಿಗಳು ಜಗಲಿಯ ಅಂಚಿನಲ್ಲಿ ಸಾಲಾಗಿ ಕೂತಿದ್ದವು. ನಾಲ್ಕು ಬುಟ್ಟಿ. ಸೌತೆಗಳು ದೇಯಿ ಊಹಿಸಿದ್ದಕ್ಕಿಂತ ಸಣ್ಣವು, ಒಂದೆರಡು ಬಿಸಿಲಿಗೆ ಬೆಂದು ಸೊರಗಿದ್ದವು. ದೇಯಿ ಹಿತ್ತಲ ದಾರಿಯಿಂದ ಬರಲಿಲ್ಲ, ಎದುರಿನ ದಣಪೆ ದಾಟಿ ಬಂದಳು. ಬುಟ್ಟಿಯನ್ನು ತಲೆಯ ಮೇಲೆ ಹೊರಲಿಲ್ಲ, ಸೊಂಟದಲ್ಲಿ ಇಟ್ಟುಕೊಂಡಿದ್ದಳು. ಒಕ್ಕಲಿನವರಿಗೂ ತನಗೂ ಇರುವ ವ್ಯತ್ಯಾಸ ಅಷ್ಟರಲ್ಲಿ ಎಲ್ಲರಿಗೂ ಕಾಣುತ್ತದೆ ಎಂದು ಅವಳು ತಿಳಿದಿದ್ದಳು. ಹದಿನಾಲ್ಕು ವರ್ಷಗಳಿಂದ ಈ ಅಂಗಳ ತುಳಿಯದವಳು ಬಂದಿದ್ದಾಳೆ ಎಂದು ಎಲ್ಲರ ಕಣ್ಣು ಅವಳ ಮೇಲೆ.

ಬುಟ್ಟಿಯನ್ನು ಒಳಗೆ ಹೆಂಗಸರ ಕೈಗೆ ಕೊಡಬಹುದಿತ್ತು. ಬೆಂಚಿನ ಮೇಲೆ ಇಡಬಹುದಿತ್ತು. ಆದರೆ ದೇಯಿಗೆ ಬೇಕಾಗಿದ್ದದ್ದು ಹೋಲಿಕೆ. ಸೊರಗಿದ ಸೌತೆಯ ಪಕ್ಕದಲ್ಲಿ ತನ್ನ ಸೌತೆ ಕೂರಬೇಕು, ಎಲ್ಲರೂ ಎರಡನ್ನೂ ಒಂದೇ ನೋಟದಲ್ಲಿ ನೋಡಬೇಕು. ಅವಳು ಸಾಲಿನ ಕೊನೆಗೆ, ನಾಲ್ಕನೆಯ ಬುಟ್ಟಿಗೆ ತಾಗಿಸಿ, ತನ್ನ ಬುಟ್ಟಿಯನ್ನು ಇಟ್ಟಳು.

"ನಿಮ್ಮಲ್ಲಿ ಏನೂ ಆಗ್ಲಿಲ್ಲ ಅಂತ ಕೇಳಿದೆ" ಎಂದಳು, ಅಂಗಳಕ್ಕೆಲ್ಲ ಕೇಳಿಸುವ ಹಾಗೆ. "ಅದಕ್ಕೆ ತಂದೆ. ಆ ನೆಲದಲ್ಲಿ ಬೆಳೆದದ್ದು."

ಹೇಮಾಕ್ಷಿಯ ಮುಖ ಮೊದಲು ಕೆಂಪಾಯಿತು. ದೇಯಿ ಅದನ್ನು ನೋಡಿದಳು, ಆ ಒಂದು ಗಳಿಗೆ ಅವಳಷ್ಟು ಸುಖಿಗಳು ಮಂಗಳೂರಿನಲ್ಲಿ ಬೇರೆ ಇರಲಿಲ್ಲ. ಆಮೇಲೆ ಹೇಮಾಕ್ಷಿಯ ಕಣ್ಣು ಬುಟ್ಟಿಗಳ ಸಾಲಿನ ಉದ್ದಕ್ಕೆ ಒಮ್ಮೆ ಹೋಗಿ ಬಂತು. ಕೆಂಪು ಇಳಿಯಿತು. ಅವಳು ನಕ್ಕಳು. ಒಕ್ಕಲುಗಳಿಗೆ ಕೊಡಲೆಂದು ಪಕ್ಕದಲ್ಲಿ ಇಟ್ಟಿದ್ದ ಹರಿವಾಣದಿಂದ ಎಲೆಯಡಿಕೆ ತೆಗೆದು, ಮೆಟ್ಟಿಲು ಇಳಿದು ಬಂದು, ದೇಯಿಯ ಮುಂದೆ ಹಿಡಿದಳು. ಹಬ್ಬದ ದಿನ ಎದುರಿಗೆ ಬಂದ ವೀಳ್ಯವನ್ನು ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ದೇಯಿಯ ಕೈ ತಾನಾಗಿ ಮುಂದೆ ಹೋಯಿತು.

"ಒಳ್ಳೇದಾಯ್ತು" ಎಂದಳು ಹೇಮಾಕ್ಷಿ, ಬೆಂಚಿನ ಕಡೆಗೆ ತಿರುಗಿ. "ಎಲ್ಲರೂ ನೋಡಿದ್ರಲ್ಲ? ಹೊಂಡದ ಒಕ್ಕಲಿನ ಬಿಸು ಕಾಣಿಕೆ ಬಂತು."

ಬಿಸುವಿನ ದಿನ ಒಕ್ಕಲು ಧಣಿಯ ಮನೆಗೆ ಬೆಳೆ ತಂದು ಇಡುವುದು, ಧಣಿ ವೀಳ್ಯ ಕೊಡುವುದು. ಕಾಗದವಿಲ್ಲದವರಲ್ಲಿ ಅದೇ ಕಾಗದ, ಅದೇ ಗುರುತು. ಇದು ದೇಯಿಗೆ ಗೊತ್ತಿರದ ವಿಷಯವಲ್ಲ. ವರ್ಷ ವರ್ಷವೂ ಗೋಡೆಯ ಮೇಲಿನಿಂದ ನೋಡಿದ್ದಳು. ಅದು ಆ ಬಡಪಾಯಿಗಳಿಗೆ ಸಂಬಂಧಿಸಿದ್ದು ಎಂದು ತಿಳಿದಿದ್ದಳೇ ಹೊರತು, ತಾನು ಬುಟ್ಟಿ ಇಟ್ಟರೂ ಅದೇ ಅರ್ಥವಾಗುತ್ತದೆ ಎಂದು ಅವಳ ತಲೆಗೆ ಹೋಗಿರಲಿಲ್ಲ. ಹೊಟ್ಟೆ ಉರಿಸುವ ಆತುರದಲ್ಲಿದ್ದವರ ತಲೆಗೆ ಬೇರೆ ಏನು ಹೋಗುತ್ತದೆ?

"ಕಾಣಿಕೆಯೂ ಅಲ್ಲ, ಎಂತದೂ ಅಲ್ಲ!" ಎಂದು ಕಿರುಚಿ ಬುಟ್ಟಿಗೆ ಕೈ ಹಾಕಿದಳು. ತುಕ್ರ ಆಗಲೇ ಅದನ್ನು ಎತ್ತಿಕೊಂಡು ಒಳಗೆ ಹೋಗಿಯಾಗಿತ್ತು. ಅಂಗಳದಲ್ಲಿದ್ದ ಕಾವೂರಿನ ಮುದುಕನೊಬ್ಬ ತಾನು ಕೂತಿದ್ದ ಚಾಪೆಯಲ್ಲಿ ಸ್ವಲ್ಪ ಸರಿದು ಅವಳಿಗೆ ಜಾಗ ಮಾಡಿಕೊಟ್ಟ. ಪಾಪ, ಅವನು ಒಳ್ಳೆಯ ಮನಸ್ಸಿನಿಂದಲೇ ಸರಿದದ್ದು.

ಲೋಕಯ್ಯ ಹೊಳೆಯಿಂದ ಬರುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಅವನು ಒದ್ದೆ ಪಂಚೆಯಲ್ಲೇ ಜಗಲಿಯಲ್ಲಿ ಕುಳಿತುಬಿಟ್ಟ.

"ಎಂತ ಮಾಡಿದ್ದು ಮಾರಾಯ್ತಿ ನೀನು? ಹತ್ತು ವರ್ಷ ಒಂದು ಬೆಂಡೆಕಾಯಿ ಆ ಕಡೆ ಹೋಗ್ಲಿಲ್ಲ. ನಮ್ಮ ಬಲ ಅದೊಂದೇ ಇದ್ದದ್ದು. ಅದನ್ನೂ ನೀನೇ ಹೊತ್ತುಕೊಂಡು ಹೋಗಿ ಕೊಟ್ಟು ಬಂದ್ಯಲ್ಲ!"

ಅವನು ಅಷ್ಟು ದೊಡ್ಡ ದನಿ ತೆಗೆದದ್ದನ್ನು ದೇಯಿ ಈ ಮೊದಲು ಕೇಳಿರಲಿಲ್ಲ. ಹಬ್ಬದ ಊಟ ಒಲೆಯ ಮೇಲೆಯೇ ತಣ್ಣಗಾಯಿತು. ಮಧ್ಯಾಹ್ನ ಲೋಕಯ್ಯ ಬೂಬ ಗುರಿಕಾರನ ಮನೆಗೆ ಹೋಗಿ, ಸಂಜೆಗೆ ಸ್ವಲ್ಪ ಜೀವ ಬಂದ ಮುಖದಲ್ಲಿ ತಿರುಗಿ ಬಂದ. ದೇಯಿ ಮಲ್ಲಿಗೆಯ ಬುಡಕ್ಕೆ ನೀರು ಹಾಕುತ್ತಿದ್ದಳು.

"ಒಂದು ದಾರಿ ಉಂಟು. ಗುರಿಕಾರ್ರೇ ಹೇಳಿದ್ದು. ನೆಂಟಸ್ತಿಕೆಯಲ್ಲಿ ಕೊಟ್ಟದ್ದಾದ್ರೆ ಅದು ಕಾಣಿಕೆ ಆಗುದಿಲ್ಲ. ಗಂಡನ ಅಕ್ಕ ಅಂತ ಪ್ರೀತಿಯಿಂದ ತಂದೆ ಅಂತ ನಾಳೆ ನೀನು ಎಲ್ಲರೆದುರಿಗೆ ಹೇಳ್ಬೇಕು. ಅಷ್ಟೇ. ಮತ್ತೆ ನೆಲಕ್ಕೆ ಯಾರೂ ಬರ್ಲಿಕ್ಕಿಲ್ಲ."

"ಪ್ರೀತಿಯಿಂದ" ಎಂದಳು ದೇಯಿ.

"ಹಾಂ, ಹಾಗೇ. ಪ್ರೀತಿಯಿಂದ. ನಿನ್ನ ಗಂಟು ಎಂತ ಹೋಗ್ತದೆ?"

ಮರುದಿನ ಬೆಳಿಗ್ಗೆ ನೀರು ಹಾಕುವಾಗ ಅವಳು ಬದನೆಗಿಡದ ಮುಂದೆ ನಿಂತು ಅಭ್ಯಾಸ ಮಾಡಿದಳು. ಅಕ್ಕ ಅಂತ ಪ್ರೀತಿಯಿಂದ ತಂದೆ. ಬದನೆಗಿಡಕ್ಕೆ ಹೇಳುವಾಗ ಎಷ್ಟು ಸಲೀಸಾಗಿ ಬಂತು! ತೊಂಡೆಯ ಚಪ್ಪರಕ್ಕೂ ಹೇಳಿದಳು, ಅಲ್ಲೂ ತೊಡರಲಿಲ್ಲ. ಬೇಲಿಯಾಚೆಯಿಂದ ಕೇಳಿಸಿಕೊಂಡ ರುಖಿಯಾ, "ಹಾಗೆಯೇ ಹೇಳು, ಚಂದ ಆಗ್ತದೆ" ಎಂದು ಧೈರ್ಯ ಕೊಟ್ಟಳು. ದೇಯಿ ಸೌತೆಬಳ್ಳಿಯ ನಡುವೆ ಕುಳಿತು, ಮಣ್ಣಿಗೆ ತಾಗಿದ ಕಾಯಿಗಳ ಅಡಿಗೆ ಒಣಹುಲ್ಲು ಸೇರಿಸಿದಳು. ಈ ಮಣ್ಣಿನ ಒಂದೊಂದು ಹಿಡಿಯೂ ತನ್ನ ತಲೆಯ ಮೇಲಿನಿಂದ ಇಳಿದದ್ದು. ನಾಲ್ಕು ಶಬ್ದ ಹೇಳಿದರೆ ಉಳಿಯುತ್ತದೆ ಎಂದಾದರೆ ನಾನೂರು ಹೇಳಿಯೇನು ಎಂದು ಅವಳು ನಿಜವಾಗಿಯೂ ಅಂದುಕೊಂಡಳು.

ಗುರಿಕಾರನ ಅಂಗಳದಲ್ಲಿ ಹಲಸಿನ ಮರದ ಕೆಳಗೆ ಎಲ್ಲರೂ ಸೇರಿದರು. ಹೇಮಾಕ್ಷಿ ರೇಷ್ಮೆಯ ಸೀರೆ ಉಟ್ಟು ಬಂದಿದ್ದಳು. ಬುಟ್ಟಿ ಇಟ್ಟದ್ದು, ವೀಳ್ಯ ತೆಗೆದುಕೊಂಡದ್ದು ಎಲ್ಲವನ್ನೂ ನೋಡಿದವರು ನೋಡಿದ ಹಾಗೆ ಹೇಳಿದರು. ಗುರಿಕಾರ ಕೇಳಿ ಮುಗಿಸಿ ಗಂಟಲು ಸರಿ ಮಾಡಿಕೊಂಡ.

"ದೇಯಿ, ನಾನು ಒಂದೇ ಮಾತು ಕೇಳ್ತೇನೆ. ಒಕ್ಕಲು ತಂದದ್ದಾದ್ರೆ ಕಾಣಿಕೆ. ನೆಂಟರು ನೆಂಟರಿಗೆ ಪ್ರೀತಿಯಿಂದ ಕೊಟ್ಟದ್ದಾದ್ರೆ ಕಾಣಿಕೆ ಅಲ್ಲ, ನೆಲ ನಿನ್ನದೇ. ಅಕ್ಕ ಅಂತ ಪ್ರೀತಿಯಿಂದ ತಂದದ್ದು, ಹೌದಲ್ವಾ?"

ಅವನು ತಲೆಯನ್ನು ಹೌದೆಂಬಂತೆ ಆಡಿಸಿ ತೋರಿಸಿದ. ಪುಣ್ಯಾತ್ಮ, ಅವಳು ತಲೆಯಾಡಿಸಿದರೂ ಸಾಕೆಂದು ಅವನಿಗೆ. ಲೋಕಯ್ಯ ಹಿಂದಿನಿಂದ ಅವಳ ಬೆನ್ನಿಗೆ ಬೆರಳಲ್ಲಿ ಮೆಲ್ಲಗೆ ತಿವಿದ. ದೇಯಿ ಬಾಯಿ ತೆರೆದಳು. "ಅಕ್ಕ" ಎನ್ನುವವರೆಗೆ ಬಂತು.

ಹೇಮಾಕ್ಷಿ ಆಗ ಮುಂದಕ್ಕೆ ಬಾಗಿದಳು. ಅವಳಿಗೂ ಗೊತ್ತಿತ್ತು ತನ್ನ ಕೇಸು ಮುಳುಗುತ್ತಿದೆ ಎಂದು. ಹದಿನಾಲ್ಕು ವರ್ಷ ಗೋಡೆಯಾಚೆ ಇದ್ದವಳನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಅಂಗಳದಲ್ಲಿ ಇರಲಿಲ್ಲ.

"ಹೇಳು ದೇಯಿ, ಹೇಳು. ದೊಡ್ಡದಾಗಿ ಹೇಳು, ಎಲ್ಲರೂ ಕೇಳ್ಲಿ" ಎಂದಳು ಜೇನು ಸುರಿಯುವ ದನಿಯಲ್ಲಿ. "ಅಕ್ಕನ ಮೇಲೆ ನಿನಗೆ ಎಷ್ಟು ಪ್ರೀತಿ ಅಂತ. ನಾನೂ ಕೇಳ್ತೇನೆ, ಕೇಳದೆ ಎಷ್ಟು ವರ್ಷ ಆಯ್ತು."

ಯಾರೋ ಕಿಸಕ್ಕನೆ ನಕ್ಕರು. ದೇಯಿಯ ಗಂಟಲಿನವರೆಗೆ ಬಂದಿದ್ದ ಮಾತು ಹಿಂದಕ್ಕೆ ಹೋಯಿತು. ಅದರ ಬದಲು ಹೊಟ್ಟೆಯ ತಳದಿಂದ ಬೇರೊಂದು ಎದ್ದು ಬಂತು, ಅದನ್ನು ತಡೆಯುವುದು ಅವಳ ಕೈಯಲ್ಲಿ ಇರಲಿಲ್ಲ. ತಡೆಯುವ ಮನಸ್ಸೂ ಇರಲಿಲ್ಲ ಎಂಬುದು ಹೆಚ್ಚು ನಿಜ.

"ಪ್ರೀತಿಯಾ? ಇವಳಿಗೆ ಪ್ರೀತಿಯಿಂದ ನಾನು ಒಂದು ಹುಳ ತಿಂದ ಬೆಂಡೆಕಾಯಿ ಸಹ ಕೊಡ್ಲಿಕ್ಕಿಲ್ಲ! ಇವಳ ಹೊಟ್ಟೆ ಉರೀಲಿ ಅಂತ ತಂದದ್ದು. ಉರೀಲಿ! ಉರಿದು ಬೂದಿ ಆಗ್ಲಿ!"

ಲೋಕಯ್ಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಹೊಟ್ಟೆ ಉರಿಸ್ಲಿಕ್ಕೆ ಕೊಟ್ಟದ್ದಕ್ಕೆ ನಮ್ಮಲ್ಲಿ ಹೆಸರಿಲ್ಲ ಮಗಾ" ಎಂದ ಗುರಿಕಾರ. "ಬಿಸುವಿನ ದಿನ ಸಾಲಿನಲ್ಲಿ ಇಟ್ಟದ್ದಕ್ಕೆ ಉಂಟು."

ನೆಲ ಹೇಮಾಕ್ಷಿಯದಾಯಿತು. ದೇಯಿ ಬೇಕಾದರೆ ಒಕ್ಕಲಾಗಿ ಇರಬಹುದು, ವರ್ಷ ವರ್ಷ ಕಾಣಿಕೆ ತಂದು ಇಡಬೇಕು ಎಂದು ಹೇಳಿದರು. ದೇಯಿ ಎದ್ದು ನಡೆದಳು. ದಾರಿಯಲ್ಲಿ ಲೋಕಯ್ಯ ಒಂದೇ ಒಂದು ಸಲ, "ನಾಲ್ಕು ಶಬ್ದ" ಎಂದ. ಅವಳು ಕೇಳಿಸಿಕೊಂಡಳು. ಅವಳಿಗೆ ಅಳು ಬಂದಿರಲಿಲ್ಲ, ಹೆದರಿಕೆ ಬಂದಿತ್ತು. ಆ ನೆಲವನ್ನು ತಾನು ಪ್ರಾಣಕ್ಕಿಂತ ಹೆಚ್ಚು ಪ್ರೀತಿಸುತ್ತೇನೆ ಎಂದು ಹತ್ತು ವರ್ಷ ನಂಬಿದ್ದಳು. ಅದಕ್ಕಿಂತ ಹೆಚ್ಚಿನದೊಂದು ತನ್ನೊಳಗೆ ಇತ್ತು ಎಂದೂ, ಅದು ಹಗೆ ಎಂದೂ, ಎರಡನ್ನು ಎದುರಿಗೆ ಇಟ್ಟಾಗ ತಾನು ಯೋಚಿಸದೆ ಅದನ್ನೇ ಎತ್ತಿಕೊಂಡೆ ಎಂದೂ ಈಗ ಗೊತ್ತಾಗಿತ್ತು. ಗೊತ್ತಾದರೂ ಹೇಮಾಕ್ಷಿಯ ಮೇಲಿನ ಸಿಟ್ಟು ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ.

ಎರಡು ದಿನ ಅವಳು ತೋಟಕ್ಕೆ ಇಳಿಯಲಿಲ್ಲ. ಸೂರ್ಯ ಏಳುವ ಮೊದಲು ಎಚ್ಚರವಾಗುತ್ತಿತ್ತು, ಕೈ ಕೊಡಪಾನಕ್ಕೆ ಹೋಗುತ್ತಿತ್ತು, ಅಲ್ಲಿಂದ ಹಿಂದಕ್ಕೆ ಬರುತ್ತಿತ್ತು. "ಗಿಡ ಎಂತ ಮಾಡಿದೆ ನಿನಗೆ? ಒಂದು ಚೂರು ನೀರು ಹಾಕು" ಎಂದು ರುಖಿಯಾ ಬೇಲಿಯ ಹತ್ತಿರ ಬಂದು ಹೇಳಿದಳು.

"ಅವಳ ಗಿಡ. ಅವಳೇ ಹಾಕ್ಲಿ" ಎಂದಳು ದೇಯಿ.

ಮೂರನೆಯ ದಿನ ಅವಳೇ ಬಂದಳು. ನಡುಮಧ್ಯಾಹ್ನ, ಉಂಡು ಎಲೆಯಡಿಕೆ ಹಾಕಿಕೊಂಡು, ತಾಮ್ರದ ಕೊಡದಲ್ಲಿ ನೀರು ತುಂಬಿಸಿಕೊಂಡು. ನೆಲ ಗೆದ್ದವಳು ನೆಲಕ್ಕೆ ನೀರು ಹಾಕುವುದನ್ನು ನಾಲ್ಕು ಜನ ನೋಡಲಿ ಎಂದೇ ಬಂದದ್ದು. ತೋಟ ಮಾಡಿ ಗೊತ್ತಿದ್ದವಳಲ್ಲ. ಅವಳ ಹಿತ್ತಲಿನದೆಲ್ಲ ಆಳುಗಳ ಕೈಯಲ್ಲಿ ಬೆಳೆದು ಆಳುಗಳ ಕೈಯಲ್ಲಿ ಒಣಗಿದ್ದು. ದೇಯಿ ಅಡುಗೆಮನೆಯ ಕಿಂಡಿಯಿಂದ ನೋಡಿದಳು. ಮೆಕ್ಕಲು ಮಣ್ಣು ಕಾದು ಕಾವಲಿಯಾಗಿತ್ತು. ಬಾಯಾರಿ ಜೋತುಬಿದ್ದಿದ್ದ ಸೌತೆಬಳ್ಳಿ ಸಂಜೆ ತಂಪಿಗೆ ಒಂದು ಕೊಡ ನೀರು ಕಂಡಿದ್ದರೆ ಬೆಳಿಗ್ಗೆ ಎದ್ದು ನಿಲ್ಲುತ್ತಿತ್ತು. ಈ ಹೊತ್ತಿನಲ್ಲಿ ನೀರು ಬಿದ್ದರೆ ಬೇರು ಬೇಯುತ್ತದೆ. ಹೇಮಾಕ್ಷಿ ಕೊಡವನ್ನು ವಾಲಿಸಿದಳು, ಮೊದಲ ಬುಡದಲ್ಲಿ ನೀರು ಬಿದ್ದು ಹಬೆ ಎದ್ದಿತು.

"ಏ ಹಾಳಾದವಳೇ!" ದೇಯಿ ಹಿತ್ತಲಿಗೆ ಹಾರಿ ಬಂದಿದ್ದಳು. "ಈ ಸುಡುಬಿಸಿಲಿಗೆ ಯಾರಾದ್ರೂ ನೀರು ಹೊಯ್ತಾರಾ? ಬುಡ ಬೇಯ್ತದೆ! ಸಾಯ್ತದೆ ಎಲ್ಲ! ನಿಲ್ಲಿಸು!"

ಮೆಲ್ಲಗೆ ಹೇಳಬಹುದಿತ್ತು. ಅಕ್ಕ, ಸಂಜೆ ಹಾಕಿ, ಈಗ ಬೇಡ, ಎನ್ನಬಹುದಿತ್ತು. ಹೇಮಾಕ್ಷಿಯ ಎದುರಿಗೆ ದೇಯಿಯ ಬಾಯಿಯಿಂದ ಅಂಥ ಮಾತು ಬರುವುದಿಲ್ಲ ಎಂಬುದು ಮೂರು ದಿನದ ಹಿಂದೆಯೇ ಇತ್ಯರ್ಥವಾಗಿತ್ತಲ್ಲ.

ಹೇಮಾಕ್ಷಿ ಕೊಡವನ್ನು ನೇರ ಮಾಡಿ ನಿಂತಳು. ಬಳ್ಳಿಯನ್ನು ನೋಡಿದಳು, ದೇಯಿಯನ್ನು ನೋಡಿದಳು. ಹೇಳಿದ್ದು ಸುಳ್ಳಲ್ಲ ಎಂದು ಅವಳಿಗೆ ಅರ್ಥವಾಯಿತು; ದೇಯಿಗೆ ಅದು ಸ್ಪಷ್ಟವಾಗಿ ಕಂಡಿತು. ಮೂರು ಸೌತೆಯ ಬುಟ್ಟಿ ಕಂಡು ಮುಖ ಕೆಂಪಾದವಳು, ತೋಟ ಬೇಕೆಂದು ಊರು ಸೇರಿಸಿದವಳು ಅವಳು. ಒಂದು ಗಳಿಗೆ ಅವಳ ಕೈ ಕೊಡವನ್ನು ಕೆಳಗೆ ಇಡಲು ಹೋದದ್ದೂ ನಿಜ. ಆದರೆ ಇಟ್ಟರೆ, ದೇಯಿ ಹೇಳಿದಳು ಎಂದು ಇಟ್ಟಂತಾಗುತ್ತದೆ.

"ನನ್ನ ಗಿಡ, ನನ್ನ ನೀರು" ಎಂದು ಹೇಮಾಕ್ಷಿ ಕೊಡವನ್ನು ಮತ್ತೆ ವಾಲಿಸಿದಳು. ಒಂದು ಬುಡವನ್ನೂ ಬಿಡದೆ, ಸಾಲಿನ ಉದ್ದಕ್ಕೆ ನಡೆಯುತ್ತಾ, ದೇಯಿಯ ಮುಖದಿಂದ ಕಣ್ಣು ತೆಗೆಯದೆ ಸುರಿದಳು.

ದೇಯಿ ಮತ್ತೆ ಕೂಗಲಿಲ್ಲ. ಹೇಮಾಕ್ಷಿಯ ಆ ಮುಖ ಅವಳಿಗೆ ಗುರುತು ಸಿಕ್ಕಿತ್ತು. ಹಲಸಿನ ಮರದ ಕೆಳಗೆ ತನ್ನ ಮುಖವೂ ಹೀಗೆಯೇ ಇದ್ದಿರಬೇಕು. ಸಂಜೆಯ ಹೊತ್ತಿಗೆ ಸೌತೆಯ ಎಲೆಗಳು ಅಂಚಿನಿಂದ ಒಳಕ್ಕೆ ಸುರುಟಿಕೊಂಡವು, ಮಲ್ಲಿಗೆಯ ಮೊಗ್ಗು ಅರಳದೆ ಉದುರಿತು.

ಮರುದಿನವೂ ಹೇಮಾಕ್ಷಿ ಸರಿಯಾಗಿ ನಡುಮಧ್ಯಾಹ್ನಕ್ಕೆ ಬಂದಳು. ಈ ಸಲ ಎರಡು ಕೊಡ ತಂದಿದ್ದಳು.